ಕಿವಿ ಕಾಯುವವನ ಸಲಹೆ

ಸಲಹೆ ಒಳ್ಳೆಯದೇ. ಅದನ್ನು ಕೊಟ್ಟವನು ಹಾರ್ಲನ್ ಎಂಬುದೇ ವರ್ನಾ ಸ್ಕೋಗನ್‌ಗೆ ಸರಿಬರಲಿಲ್ಲ.

“ಬ್ರೇಕ್ ಹಾಕ್ಸು ವರ್ನಾ. ದೊಡ್ಡದೇ ಹಾಕ್ಸು,” ಎಂದಿದ್ದ ಮೈದುನ.

ರೈಫಲ್ಲಿನ ನಳಿಗೆಯ ತುದಿಗೆ ತಿರುಪಿ ಕೂರಿಸುವ, ತೂತುಗಳಿರುವ ಬೆರಳುದ್ದದ ಉಕ್ಕಿನ ಕೊಳವೆ ಅದು. ಹೊಗೆ ಪಕ್ಕಕ್ಕೆ ನುಗ್ಗಿ, ಹೆಗಲಿಗೆ ಬೀಳುವ ಒದೆತ ಅರ್ಧಕ್ಕಿಳಿಯುತ್ತದೆ. ಹೋದ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಹೆಗಲಿಗೆ ಆಪರೇಷನ್ ಮಾಡಿಸಿಕೊಂಡ ಅರವತ್ತೆರಡರ ಹೆಂಗಸಿಗೆ ಬೇಕಾದದ್ದೇ. ಹದಿನೇಳು ವರ್ಷ ಅರ್ಜಿ ಹಾಕಿದ ಮೇಲೆ, ಜೂನ್ ತಿಂಗಳ ಲಾಟರಿಯಲ್ಲಿ, ಮೇಲಿನ ಬೆಟ್ಟದ ಗಂಡು ಎಲ್ಕ್ ಎಂಬ ಭಾರೀ ಜಿಂಕೆಯ ಬೇಟೆಗೆ ಈ ಸಲ ಅವಳಿಗೆ ಪರವಾನಗಿ ಸಿಕ್ಕಿತ್ತು. ಇನ್ನೊಮ್ಮೆ ಸಿಗುವಷ್ಟರಲ್ಲಿ ಅವಳಿಗೆ ಎಂಬತ್ತಾಗಿರುತ್ತದೆ.

ಆದರೆ ಒದೆತ ತಗ್ಗಿದಷ್ಟೂ ಸದ್ದು ಪಕ್ಕದಲ್ಲಿ ಕೂತವನ ಕಿವಿಗೆ ಬಡಿಯುತ್ತದೆ. ಪಕ್ಕದಲ್ಲಿ ಕೂರುವವನು ಹಾರ್ಲನ್. ಗಂಡ ತೀರಿದ ಮೇಲೆ ಹತ್ತೊಂಬತ್ತು ಬೇಟೆಗಾಲ ಸಣ್ಣ ಜಿಂಕೆಗಳ ಬೇಟೆಗೆ ದುರ್ಬೀನು ಹಿಡಿದು ಅವಳ ಮಗ್ಗುಲಲ್ಲೇ ಕೂತಿದ್ದಾನೆ. ಎಣ್ಣೆಬಾವಿಯ ಕೆಲಸದಲ್ಲಿ ಒಂದು ಕಿವಿ ಕಿವುಡು ಮಾಡಿಕೊಂಡವನು, ಉಳಿದದ್ದನ್ನು ಜೋಪಾನ ಮಾಡಲು ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಪಟಾಕಿಗೂ ಪಿಕಪ್ಪಿನ ಗಾಜು ಏರಿಸಿ ಒಳಗೆ ಕೂರುತ್ತಾನೆ.

ವರ್ನಾ ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ತಲೆಯ ಮೇಲಿನ ಕನ್ನಡಿಯಲ್ಲಿ ನಲವತ್ತು ಮುಖ ನೋಡಿ ನೋಡಿ, ಕಿತ್ತಳೆ ಸಿಪ್ಪೆ ಎಸೆಯುವವನು ಯಾರೆಂದು ಅವನು ಎಸೆಯುವ ಮೊದಲೇ ಹೇಳುತ್ತಿದ್ದಳು. ತುಂಬ ಒಳ್ಳೆಯವನ ಹಾಗೆ ಕೂತವನ ಮೇಲೇ ಅವಳ ಕಣ್ಣು.

ಹಾಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದ ರಾಯ್ಸ್ ಕಿಂಬಲ್ ಈಗ ಊರಿನ ಬಂದೂಕು ರಿಪೇರಿಯವನು. ವರ್ನಾ ಅಂಗಡಿಗೆ ಹೋದಾಗ ಎರಡು ಬ್ರೇಕುಗಳನ್ನು ಗಾಜಿನ ಕಪಾಟಿನ ಮೇಲಿಟ್ಟ.

“ಚಿಕ್ಕದಕ್ಕೆ ಸುತ್ತಲೂ ತೂತು. ಮಲಗಿ ಹೊಡೆದ್ರೆ ಮಣ್ಣೆಲ್ಲಾ ಕಣ್ಣಿಗೆ. ದೊಡ್ಡದಕ್ಕೆ ಪಕ್ಕದಲ್ಲಿ ಮಾತ್ರ, ಒದೆತಾನೂ ಕಡಿಮೆ. ಮಂಗಳವಾರ ಹಾರ್ಲನ್ ಬಂದು ಇದನ್ನೇ ಎತ್ತಿಡು ಅಂದ್ರು, ಮಿಸೆಸ್ ಸ್ಕೋಗನ್.”

“ಬಂದಿದ್ನಾ? ಅವನಿಗೆ ಕಮಿಷನ್ ಎಷ್ಟು ಕೊಡ್ತೀಯ?”

“ಬಸ್ಸಿಂದ ಇಳಿದು ಇಪ್ಪತ್ತೈದು ವರ್ಷ ಆಯ್ತು, ಇನ್ನೂ ನನ್ ಮೇಲೇ ಅನುಮಾನನಾ!”

“ನೀನು ಬದಲಾಗಿಲ್ವಲ್ಲ. ಕಿವಿ ವಿಷ್ಯ ಹೇಳ್ದೆಯಾ ಅವನಿಗೆ?”

“ಹೇಳ್ದೆ. ‘ಪರವಾಗಿಲ್ಲ ಬಿಡು’ ಅಂದ್ರು.” ರಾಯ್ಸ್ ಒರೆಸಿದ ಗಾಜನ್ನೇ ಮತ್ತೆ ಒರೆಸಿದ.

ಪಕ್ಕದಲ್ಲಿ ಕೂರದವನಿಗೆ ಮಾತ್ರ ಅದು ಪರವಾಗಿಲ್ಲ. ವರ್ನಾ ದೊಡ್ಡದನ್ನು ಕೈಗೆತ್ತಿಕೊಂಡಳು.

“ದೊಡ್ಡದೇ ಹಾಕು. ಬಿಚ್ಚಿದಾಗ ತಿರುಪಿನ ಮೇಲೆ ಕೂರೋ ಮುಚ್ಚಳಾನೂ ಕೊಡು.”

“ಬಿಚ್ಚಿದ್ರೆ ಗುಂಡು ಬೇರೆ ಕಡೆ ಬೀಳತ್ತೆ. ಗುರಿ ಮತ್ತೆ ಕೂರಿಸ್ಬೇಕು.”

“ಕೂರಿಸ್ತೀನಿ.”

ಅಲ್ಲಿಂದ ನೇರವಾಗಿ ಹಾರ್ಲನ್ ಮನೆಗೆ ಹೋದಳು. ಪ್ರತಿ ವರ್ಷ ಸೆಪ್ಟೆಂಬರ್ ಮೊದಲ ವಾರವೇ ಬೇಟೆಯ ಬೂಟಿಗೆ ಮೇಣ ತಿಕ್ಕುವವನ ಬೂಟು ಜಗುಲಿಯ ಮೇಲೆ ಒಣಗಿ ಬಿರುಕುಬಿಟ್ಟಿತ್ತು.

“ಅಭ್ಯಾಸ ಮಾಡೋವಾಗ ಮಾತ್ರ ಬ್ರೇಕ್ ಹಾಕ್ತೀನಿ. ಬೆಟ್ಟದ ಮೇಲೆ ಬಿಚ್ಚಿಡ್ತೀನಿ,” ಎಂದಳು. “ಒಂದು ಗುಂಡಿಗೆ ಹೆಗಲೇನೂ ಕಿತ್ತು ಬೀಳಲ್ಲ. ನಿನ್ ಕಿವಿ ಉಳೀತು. ಬರದಿರೋಕೆ ಇನ್ನೇನು ನೆಪ ಇದೆ, ಹೇಳು.”

ಹಾರ್ಲನ್ ಬೂಟಿನ ಕಡೆ ನೋಡಿದ. “ಹಾರ್ಟು. ಎಂಟು ಸಾವಿರ ಅಡಿ ಮೇಲೆ ಹೋಗ್ಬೇಡ ಅಂದಿದ್ದಾರೆ ಡಾಕ್ಟ್ರು.”

“ಯಾವಾಗ?”

“ಮೇ ತಿಂಗಳಲ್ಲಿ.”

“ನಾಲ್ಕು ತಿಂಗಳು!”

“ಮೊದಲೇ ಹೇಳಿದ್ರೆ ನೀನು ಪರವಾನಗಿ ವಾಪಸ್ ಕೊಡ್ತಿದ್ದೆ. ಒದೆತ ಕಡಿಮೆ ಆದ್ರೆ ಬಂದೂಕು ಎಗರಲ್ಲ, ಗುಂಡು ಎಲ್ಲಿ ಬಿತ್ತು ಅಂತ ನೀನೇ ನೋಡ್ಕೋಬಹುದು. ನಾನು ಬೇಕಾಗಲ್ಲ.”

“ಎಂಟು ಸಾವಿರ ಅಂದಿದ್ದು ಡಾಕ್ಟ್ರಾ, ನೀನಾ? ಕಾಗದ ತೋರ್ಸು.”

ಅವನು ತಂದುಕೊಟ್ಟ. ವರ್ನಾ ಎರಡು ಸಲ ಓದಿದಳು, ತಾರೀಖನ್ನೂ ಸಹಿಯನ್ನೂ ನೋಡಿದಳು. ಆಮೇಲೆ ಮೇಣದ ಡಬ್ಬಿ ಎಲ್ಲಿದೆಯೆಂದು ಕೇಳಿದಳು.

“ಪಿಕಪ್ ನಿಲ್ಲಿಸೋ ಜಾಗ ಏಳು ಸಾವಿರದ ಆರುನೂರು ಅಡಿ. ಅಲ್ಲಿಂದ ಇಡೀ ಇಳಿಜಾರು ಕಾಣತ್ತೆ. ಕುರ್ಚಿ ಹಾಕ್ಕೊಂಡು ದುರ್ಬೀನಲ್ಲಿ ನೋಡು, ರೇಡಿಯೋದಲ್ಲಿ ಹೇಳು.”

“ಅಷ್ಟು ದೂರದಿಂದನಾ?”

“ಒಂದೂವರೆ ಮೈಲಿ. ನಿನ್ ಕಿವಿಗೆ ಏನೂ ಆಗಲ್ಲ.” ಫೋನು ಎತ್ತಿ ರಾಯ್ಸ್‌ನ ನಂಬರ್ ಒತ್ತಿದಳು. “ಮುಚ್ಚಳ ಬೇಡ ಕಣೋ. ಬ್ರೇಕ್ ಬಿಚ್ಚಲ್ಲ, ಅದು ಹಾಗೇ ಇರ್ಲಿ. ಮತ್ತೆ, ನಿಂಗೂ ಹಾರ್ಟಿನ ವಿಷ್ಯ ಗೊತ್ತಿತ್ತು ಅಲ್ವಾ?”

ಆ ಕಡೆಯಿಂದ ಗಾಜು ಒರೆಸುವ ಸದ್ದು ಕೇಳಿಸಿತು.

“ನಂಗೊತ್ತು,” ಎಂದು ಫೋನಿಟ್ಟಳು.