ಎದೆಹಾಲಿನ ತೂಕ

ಊರ ಹೊರಗೆ ಸರಕು ಇಳಿಸುವ ದೊಡ್ಡ ಅಂಗಳವಿದೆ. ಅದರ ಗೇಟಿನಲ್ಲಿ ಲಾರಿ ತೂಗುವ ಕಾಟಾ. ಪಕ್ಕದ ಕ್ಯಾಬಿನ್ನಿನಲ್ಲಿ ಒಂಬತ್ತು ವರ್ಷದಿಂದ ಚೀಟಿ ಬರೆದವಳು ಆಕೆ. ಡ್ರೈವರುಗಳು ಇಟ್ಟ ಹೆಸರು ‘ಇಳಿಯಕ್ಕ’. ಲಾರಿ ಕಾಟಾದ ಮೇಲೆ ನಿಂತ ಕೂಡಲೇ ಆಕೆ ಕಿಟಕಿಯಿಂದ ತಲೆ ಹಾಕಿ “ಇಳೀರಿ” ಎನ್ನುವಳು. ಡ್ರೈವರ್ ಸೀಟಿನಲ್ಲೇ ಕೂತಿದ್ದರೆ ಅವನ ಹೊಟ್ಟೆಯೂ ಸಿಮೆಂಟಿನ ತೂಕಕ್ಕೆ ಸೇರುತ್ತದಲ್ಲ. ಸೀಟಿನ ಕೆಳಗೆ ಕಲ್ಲು ಬಚ್ಚಿಟ್ಟವನನ್ನೂ, ಮರಳಿಗೆ ನೀರು ಕುಡಿಸಿ ತಂದವನನ್ನೂ ಆಕೆ ಟೈರು ನೋಡಿಯೇ ಹಿಡಿಯುತ್ತಿದ್ದಳು.

“ನಿಮ್ಮನ್ನ ಕಟ್ಕೊಂಡೋನು ಪಾಪ, ಅಕ್ಕಾ” ಎಂದು ಒಬ್ಬ ಡ್ರೈವರ್ ಒಮ್ಮೆ ಹಲ್ಲು ಕಿಸಿದಿದ್ದ.

“ಅವರ ತೂಕಾನೂ ಗೊತ್ತು ನಂಗೆ. ನೀನು ಇಳಿ.”

ಅಂಥವಳು ಹೆರಿಗೆಯಾಗಿ ಮನೆಯಲ್ಲಿ ಕೂತ ಮೇಲೆ ತನ್ನ ಮಗು ಹಸಿದಿದೆ ಎಂಬ ಒಂದು ಮಾತನ್ನು ಯಾರ ಕೈಯಲ್ಲೂ ಒಪ್ಪಿಸಲಾರದೆ ಹೋದಳು.

ಮಗು ಎದೆಗೆ ಬಾಯಿ ಹಾಕುತ್ತಿತ್ತು, ಎಳೆಯುತ್ತಿತ್ತು, ಬಿಟ್ಟು ಕಿರುಚುತ್ತಿತ್ತು. ಒಂದು ಗಂಟೆ ಎಳೆದು ಸುಸ್ತಾಗಿ ಕಣ್ಣು ಮುಚ್ಚಿ, ಕಾಲು ಗಂಟೆಗೆ ಮತ್ತೆ ಅಳುತ್ತಿತ್ತು. ಬಾಟಲಿ ಹಾಲನ್ನೂ ಕೊಡೋಣ ಎಂದು ಆಕೆ ಬಾಯಿ ಬಿಟ್ಟ ದಿನವೇ ಅತ್ತೆ ಸೆರಗು ಸಿಕ್ಕಿಸಿಕೊಂಡರು.

“ನಾನು ಮೂರು ಹೆತ್ತಿದ್ದೀನಿ. ಒಂದಕ್ಕೂ ಬಾಟಲಿ ತೋರಿಸಿಲ್ಲ. ನಿಂಗೆ ಕೆಲಸಕ್ಕೆ ಓಡೋ ಆತುರ, ಅದಕ್ಕೆ ಎದೇಲಿ ಹಾಲಿಲ್ಲ ಅಂತ ನೆಪ.”

“ನೆಪ ಅಲ್ಲ ಅತ್ತೆ, ಮಗು ಹೊಟ್ಟೆಗೆ ಸಾಲ್ತಿಲ್ಲ.”

“ಮನಸ್ಸಿದ್ರೆ ಹಾಲು ತಾನಾಗಿ ಇಳಿಯುತ್ತೆ. ನಿನ್ನ ಮನಸ್ಸು ಆ ಲಾರಿಗಳ ಹತ್ರ ಇದೆ.”

ಗಂಡ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಅವನದು ತಣ್ಣಗಿನ ಮಾತು. “ಅಮ್ಮ ಹೇಳಿದ್ದು ಕೇಳು. ಎದೆಹಾಲು ಒಳ್ಳೇದು ಅಂತ ಆಸ್ಪತ್ರೆ ಗೋಡೆ ಮೇಲೇ ಬರೆದಿದ್ದಾರೆ. ತೊಳೆಯೋದಿಲ್ಲ, ಕುದಿಸೋದಿಲ್ಲ, ಯಾರಿಗೂ ತೊಂದರೆ ಇಲ್ಲ.”

ಆ ‘ಯಾರಿಗೂ’ ಎಂಬುದರಲ್ಲಿ ಆಕೆ ಇರಲಿಲ್ಲ. ಹೊಲಿಗೆ ಹಾಕಿದ ಮೈ, ಹೊಸಿಲು ದಾಟಬಾರದು ಎಂದು ಅತ್ತೆ ಅಪ್ಪಣೆ ಮಾಡಿದ್ದರು. ಹೊಸಿಲು ದಾಟಬಾರದ ಮೈಗೆ ಮೂವರ ಅಡುಗೆ ಮಾಡಲು, ಬಕೆಟ್ಟುಗಟ್ಟಲೆ ಬಟ್ಟೆ ಹಿಂಡಲು ಅಡ್ಡಿಯೇನೂ ಇರಲಿಲ್ಲ. ಆಕೆ ಹೊರಗೆ ಹೋಗುವ ಹಾಗಿಲ್ಲದ್ದರಿಂದ ಆಸ್ಪತ್ರೆಯಲ್ಲಿ ಮಗುವಿನ ತೂಕ ನೋಡಿಸುವ ಕೆಲಸವನ್ನು ಅತ್ತೆಯೇ ವಹಿಸಿಕೊಂಡರು. ಪ್ರತಿ ಸಲವೂ ತೂಕದ ಕಾರ್ಡನ್ನು ಗೆದ್ದ ಕಪ್ಪಿನಂತೆ ಹಿಡಿದು ಬರುವರು.

“ನೋಡು, ನಾಲ್ಕು ಕಿಲೋ ನಾನ್ನೂರು. ಈಗ ಏನಂತೀಯ?”

ಆಕೆ ಕಾರ್ಡು ನೋಡಿದಳು. ಎರಡು ತಿಂಗಳ ಮಗುವಿನ ತೊಡೆ ನೋಡಿದಳು. ಚೀಟಿ ತುಂಬಿದ ಲಾರಿ ಅನ್ನುತ್ತಿತ್ತು, ಟೈರು ಖಾಲಿ ಲಾರಿ ಅನ್ನುತ್ತಿತ್ತು.

ಒಂದು ಬೆಳಗ್ಗೆ ಅತ್ತೆ ತಂಗಿಯ ಮನೆಗೆ ಹೋದರು. ಆಕೆ ಅಡುಗೆಯನ್ನು ಅರ್ಧಕ್ಕೆ ಬಿಟ್ಟು, ಅತ್ತೆ ಆಸ್ಪತ್ರೆಗೆ ಹೋಗುವಾಗ ಹಾಕುವ ಬಟ್ಟೆಯನ್ನೆಲ್ಲ ಮಗುವಿಗೆ ಹಾಕಿ, ಆಟೋ ಹತ್ತಿ ಅಂಗಳಕ್ಕೆ ಹೋದಳು. ಕ್ಯಾಬಿನ್ನಿನಲ್ಲಿ ಆಕೆಯ ಬದಲಿಗೆ ಕೂತಿದ್ದ ಮುದುಕ ಗುಮಾಸ್ತ ಹುಬ್ಬೇರಿಸಿದ.

“ಏನಮ್ಮಾ, ರಜೆ ಮುಗೀತಾ? ಏನಿದು ಪಾರ್ಸೆಲ್ಲು?”

“ಇಲ್ಲ ಸರ್, ಪಾರ್ಸೆಲ್ಲೇ. ಸಣ್ಣ ತಕ್ಕಡಿ ಒರೆಸಿ ಕೊಡಿ. ಆಮೇಲೆ ಸ್ವಲ್ಪ ಹೊರಗಿರಿ, ಹಾಲು ಕುಡಿಸಬೇಕು.”

ಪಾರ್ಸೆಲ್ಲು ತೂಗುವ ಆ ಎಲೆಕ್ಟ್ರಾನಿಕ್ ತಕ್ಕಡಿ ಹತ್ತು ಗ್ರಾಮಿನವರೆಗೆ ತೋರಿಸುತ್ತಿತ್ತು. ಬಟ್ಟೆ ಸಮೇತ ಇಟ್ಟಳು: ನಾಲ್ಕು ಕಿಲೋ ನಾನ್ನೂರು. ಉಣ್ಣೆ ಟೋಪಿ, ಎರಡು ಸ್ವೆಟರು, ಕಾಲುಚೀಲ, ನಾಲ್ಕು ಮಡಿಕೆಯ ಶಾಲು ಬಿಚ್ಚಿ ಬರೀ ಮೈಯಲ್ಲಿ ಇಟ್ಟಳು: ಮೂರು ಕಿಲೋ ಏಳುನೂರು. ಆಮೇಲೆ ಕುರ್ಚಿ ಗೋಡೆಗೆ ತಿರುಗಿಸಿ ಎರಡೂ ಕಡೆ ಕುಡಿಸಿದಳು. ಮುಕ್ಕಾಲು ಗಂಟೆ. ಮತ್ತೆ ಇಟ್ಟಳು. ಮೂವತ್ತು ಗ್ರಾಂ ಹೆಚ್ಚಿತ್ತು. ಒಂದು ಸಣ್ಣ ಲೋಟದ ತಳ ಮುಚ್ಚುವಷ್ಟು ಹಾಲು.

ಆಕೆ ಅಳಲಿಲ್ಲ. ಅಭ್ಯಾಸಬಲದಿಂದ ಒಂದು ಚೀಟಿ ಹರಿದು ಒಟ್ಟು ತೂಕ, ಖಾಲಿ ತೂಕ ಬರೆದು ಸಹಿ ಹಾಕಿ ಇಟ್ಟುಕೊಂಡಳು. ಅಲ್ಲಿಂದ ಸೀದಾ ಆಸ್ಪತ್ರೆಗೆ ಹೋಗಿ ಮಗುವನ್ನು ಬರೀ ಮೈಯಲ್ಲಿ ತೂಗಿಸಿದಳು. ಸಾಲಿನಲ್ಲಿ ಕೂತ ಇಪ್ಪತ್ತು ಹೆಂಗಸರ ಮುಂದೆ ನರ್ಸು ಗಂಟಲು ತೆರೆದಳು.

“ಹೋದ ವಾರ ನಾಲ್ಕು ನಾನ್ನೂರು, ಈಗ ಮೂರು ಏಳುನೂರು! ಮಗುಗೆ ಏನು ಮಾಡಿದೆ? ತಾಯೀನಾ ನೀನು?”

“ಹೋದ ವಾರ ನೀವು ಶಾಲು ತೂಗಿದ್ರಿ, ಸಿಸ್ಟರ್. ಮಗುವನ್ನ ಇವತ್ತೇ ತೂಗಿದ್ದು.”

ನರ್ಸು ಕೆಂಪಾದಳು. “ಆ ಅಜ್ಜಿ ಬಿಚ್ಚೋಕೆ ಬಿಟ್ರೆ ತಾನೇ? ಮಗೂಗೆ ಶೀತ ಆಗುತ್ತೆ ಅಂತ ಜಗಳಕ್ಕೇ ಬರ್ತಾರೆ.” ಒಳಗೆ ಡಾಕ್ಟರಮ್ಮ ತಲೆ ಎತ್ತದೆಯೇ ಬರೆದುಕೊಟ್ಟರು. ಮೊದಲು ಎದೆಹಾಲು, ಆಮೇಲೆ ಬಾಟಲಿ, ದಿನಕ್ಕೆ ಎಂಟು ಸಲ. ಇವತ್ತಿನಿಂದಲೇ. ದಾರಿಯಲ್ಲಿ ಆಕೆ ಬಾಟಲಿಯನ್ನೂ ಹಾಲಿನ ಪುಡಿಯ ಡಬ್ಬಿಯನ್ನೂ ಕೊಂಡಳು.

ಸಂಜೆ ಅತ್ತೆ, ಗಂಡ ಇಬ್ಬರೂ ಮನೆಗೆ ಬಂದ ಮೇಲೆ ಆಕೆ ತೂಕದ ಚೀಟಿಯನ್ನೂ ಶಾಲನ್ನೂ ಒಟ್ಟಿಗೆ ಊಟದ ಮೇಜಿನ ಮೇಲೆ ಇಟ್ಟಳು. ಗಂಡ ಓದಿ ತಾಯಿಯ ಮುಖ ನೋಡಿದ. ಅತ್ತೆ ಜಗ್ಗಲಿಲ್ಲ.

“ಆ ನರ್ಸು ತೂಕ ಕಮ್ಮಿ ಇದ್ರೆ ಎಲ್ಲರ ಮುಂದೆ ಬೈತಾಳೆ. ಈ ಮನೆ ಮಗು ಉಪವಾಸ ಅಂತ ಊರೆಲ್ಲ ಆಡ್ಕೊಳ್ಳಲಿ ಅಂತೀಯಾ? ಮಾನ ಉಳಿಸೋಕೆ ಮಾಡಿದೆ.”

“ಮಾನ ಉಳೀತು ಅತ್ತೆ. ಮಗು ಒಣಗ್ತು.”

“ನಿನ್ನ ಎದೆ ಒಣಗಿದ್ದಕ್ಕೆ ನನ್ನ ಮೇಲೆ ಗೂಬೆ ಕೂರಿಸ್ಬೇಡ! ಮಗೂನ ಲಾರಿ ಥರ ತೂಗೋಳಿಗೆ ಹಾಲು ಎಲ್ಲಿಂದ ಬರುತ್ತೆ?”

ಆ ಮಾತು ನಾಟಿತು. ಆಕೆ ನೀರು ಕುದಿಸಿ, ಆರಿಸಿ, ಪುಡಿ ಬೆರೆಸಿ, ಎಲ್ಲರ ಕಣ್ಣೆದುರೇ ಬಾಟಲಿಯನ್ನು ಮಗುವಿನ ಬಾಯಿಗಿಟ್ಟಳು. ಮಗು ಕಣ್ಣು ಅಗಲಿಸಿ, ಮುಷ್ಟಿ ಬಿಗಿದು ಗಟಗಟ ಕುಡಿಯಿತು. ಮೂವರೂ ಆ ಸದ್ದು ಕೇಳುತ್ತ ನಿಂತರು. ಕುಡಿದು ಮುಗಿಸಿದ ಮಗು ಬಾಯಿ ತೆರೆದುಕೊಂಡೇ ನಿದ್ದೆ ಹೋಯಿತು.

“ನಾನಂತೂ ಆ ಬಾಟಲಿ ಮುಟ್ಟಲ್ಲ” ಎಂದರು ಅತ್ತೆ. “ಮಧ್ಯಾಹ್ನ ನಾನೂ ಸ್ವಲ್ಪ ಸೊಂಟ ಚಾಚಬೇಕು. ಇವಳು ಕೆಲಸಕ್ಕೆ ಹೋದ್ರೆ ತೊಳಿ, ಕುದಿಸು, ಕುಡಿಸು ಅಂತ ಎಲ್ಲ ನನ್ನ ತಲೆಗೇ ಬರುತ್ತೆ.”

ಎರಡು ತಿಂಗಳ ಮಮತೆಯ ಉಪದೇಶದಲ್ಲಿ ಇದೊಂದೇ ನಿಜವಾದ ಮಾತಾಗಿತ್ತು.

“ಅಮ್ಮ ಮುಟ್ಟಲ್ವಂತೆ. ಈಗ?” ಗಂಡ ಹೆಂಡತಿಯ ಕಡೆ ತಿರುಗಿದ.

“ಈಗ ನೀವು ಕಲೀರಿ. ಬನ್ನಿ.”

ಅವನು ಬಂದು ಚಮಚ ತುಂಬ ಪುಡಿಯ ಗೋಪುರ ಕಟ್ಟಿದ. ಆಕೆ ಡಬ್ಬಿಗೇ ಸುರಿಸಿದಳು. “ಮಟ್ಟ ಮಾಡಿ.” ಮತ್ತೆ ಗೋಪುರ. ಮತ್ತೆ ಸುರಿಸಿದಳು. ಮೂರನೇ ಸಲಕ್ಕೆ ಅವನ ಕಿವಿ ಕೆಂಪಾಗಿತ್ತು.

“ಗಂಡಸಿನ ಕೈಲಿ ಇದನ್ನೆಲ್ಲ ಮಾಡಿಸ್ತೀಯಲ್ಲೇ!” ಅತ್ತೆ ಹಣೆ ಚಚ್ಚಿಕೊಂಡರು.

“ಸೋಮವಾರ ಡಾಕ್ಟರ್ ಚೀಟಿ ಕೊಟ್ಟು ರಜೆ ಇನ್ನೊಂದು ತಿಂಗಳು ಕೇಳ್ತೀನಿ” ಎಂದಳು ಆಕೆ. “ಅದು ಮುಗಿದ ಮೇಲೆ ಹೋಗೋದೇ. ಹನ್ನೊಂದಕ್ಕೆ ಒಂದು ಬಾಟಲಿ, ಎರಡಕ್ಕೆ ಒಂದು, ಐದಕ್ಕೆ ಒಂದು. ಯಾರದ್ದು ಯಾವುದು ಅಂತ ತಾಯಿ ಮಗ ತೀರ್ಮಾನ ಮಾಡ್ಕೊಳ್ಳಿ. ಅಲ್ಲೀವರೆಗೂ ಬಾಟಲಿ ತೊಳೆಯೋದು ನಾನಲ್ಲ.”

ಮಗುವನ್ನು ಮಲಗಿಸಿ, ಟವೆಲ್ ಎಳೆದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿದಳು. ಹೆರಿಗೆಯಾದ ಮೇಲೆ ಮಗುವಿನ ಅಳುವಿಗೆ ಕಿವಿ ಕೊಡದೆ ಆಕೆ ಮಾಡಿದ ಮೊದಲ ಸ್ನಾನ ಅದು. ಹೊರಗೆ ಜಗಳ ಹತ್ತಿಕೊಂಡಿತು.

“ಹನ್ನೊಂದಕ್ಕೆ ಅಂಗಡೀಲಿರ್ತೀನಮ್ಮಾ, ಹೇಗೆ ಬರಲಿ?”

“ಹಾಗಂತ ನಾನೇನು ಕೆಲಸದವಳಾ? ನಿನ್ನ ಮಗು ತಾನೇ?”

ಆ ಮನೆಯಲ್ಲಿ ಮಗುವಿನ ಕೆಲಸ ಯಾರದು ಎಂಬ ಪ್ರಶ್ನೆಗೆ ಆಕೆಯ ಹೆಸರು ಬಾರದೆ ಜಗಳವಾದದ್ದು ಅದೇ ಮೊದಲು. ಆಕೆ ಇನ್ನೊಂದು ಚೊಂಬು ಬಿಸಿನೀರು ಸುರಿದುಕೊಂಡಳು.