ಮೈದುನನ ಬಿಳಿ ಅಂಗಿ

ಟೈಲರಕ್ಕ ದೇವರ ಮುಂದೆ ಇಪ್ಪತ್ತೆರಡು ವರ್ಷದಿಂದ ಇಟ್ಟಿದ್ದು ಒಂದೇ ಬೇಡಿಕೆ: ತನ್ನ ಗಂಡ ಯೇಸುವನ್ನು ನಂಬಿ ರಕ್ಷಣೆ ಹೊಂದಬೇಕು. ಗಂಡ ಗಡಿಯಾರ ರಿಪೇರಿಯವನು, ಇರುವೆಗೂ ನೋವು ಮಾಡದ ಮನುಷ್ಯ. ಭಾನುವಾರ ತಪ್ಪದೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಚರ್ಚಿನ ಗೇಟಿನ ತನಕ ಬಿಡುತ್ತಿದ್ದ. ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ.

"ನಂಬಿಕೆ ಬಂದಿಲ್ಲ ಕಣೇ. ಬಂದ ಹಾಗೆ ನಾಟಕ ಆಡ್ಲಾ?" ಅನ್ನುತ್ತಿದ್ದ.

ಅವಳ ವಾರಗಿತ್ತಿ ನಂಬಿ ಇನ್ನೂ ಎಂಟು ತಿಂಗಳು. ಅವಳನ್ನು ಕೈಹಿಡಿದು ಚರ್ಚಿಗೆ ಕರೆದೊಯ್ದವಳೂ ಟೈಲರಕ್ಕನೇ. ವಾರಗಿತ್ತಿಯ ಗಂಡ ಲಾರಿ ಡ್ರೈವರ್, ಬಾಯಿಬಡುಕ. ಅತ್ತಿಗೆ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಸಾಕು, "ಏನತ್ತಿಗೆ, ಲೈನ್ ಸಿಕ್ತಾ?" ಎಂದು ಹಲ್ಲು ಕಿಸಿಯುತ್ತಿದ್ದವನು. ಅಂಥವನು ಒಂದು ಮಧ್ಯಾಹ್ನ ಸರಕು ಇಳಿಸುವ ತನಕ ಹೊತ್ತು ಹೋಗದೆ, ಹೆಂಡತಿ ಲಾರಿಯಲ್ಲಿ ಇಟ್ಟಿದ್ದ ಸತ್ಯವೇದ ತೆರೆದ. ಮನೆಗೆ ಬರುವಾಗ ಅತ್ತು ಕಣ್ಣು ಕೆಂಪಗಿತ್ತು. ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತಗೋಬೇಕು ಅಂದ.

"ಅಕ್ಕಾ, ಸ್ನಾನದ ದಿನದ ಅಂಗಿ ನಿಮ್ಮ ಕೈಯಲ್ಲೇ ಆಗ್ಬೇಕು," ಎಂದು ವಾರಗಿತ್ತಿ ಬಿಳಿ ಬಟ್ಟೆ ತಂದಿಟ್ಟು, ಖುಷಿ ತಾಳಲಾರದೆ ಅವಳನ್ನು ತಬ್ಬಿಕೊಂಡಳು.

ಟೈಲರಕ್ಕ ನಕ್ಕಳು. ಮನಸ್ಸಿನಲ್ಲಿ ಮಾತ್ರ ಲೆಕ್ಕ ಹಾಕಿದಳು: ಎಂಟೇ ತಿಂಗಳು! ನನ್ನ ಬಂಗಾರದಂಥ ಗಂಡ ಗೇಟಿನಲ್ಲಿ, ಈ ಪುಂಡ ಒಳಗೆ! ಕತ್ತರಿ ಹಿಡಿದಾಗ ಬೇಕೆಂದೇ ಅಂಗಿಯ ಕುತ್ತಿಗೆಯನ್ನು ಎರಡು ಬೆರಳು ಬಿಗಿ ಮಾಡಿದಳು.

ಶುಕ್ರವಾರ ಮೈದುನ ಹಾಕಿ ನೋಡಲು ಬಂದ. ಅಂಗಿ ಹಣೆಯ ಹತ್ತಿರವೇ ಸಿಕ್ಕಿಕೊಂಡಿತು. "ಅತ್ತಿಗೆ, ತಲೆ ತೂರ್ತಿಲ್ಲ! ಕೊಬ್ಬು ಇನ್ನೂ ಇಳಿದಿಲ್ಲ ಅನ್ಸತ್ತೆ," ಎಂದು ಬಟ್ಟೆಯೊಳಗಿಂದಲೇ ನಗತೊಡಗಿದ.

ಅವನ ನಗುವಿಗೆ ಅವಳ ಬಾಯಿಯ ಕಟ್ಟೆ ಒಡೆಯಿತು. "ನಾನೇ ಬೇಕೂಂತ ಚಿಕ್ಕದು ಮಾಡ್ದೆ. ನಿಮ್ಮಣ್ಣನಿಗೆ ಸಿಗದ್ದು ನಿನಗ್ಯಾಕೆ ಸಿಗ್ಬೇಕು? ನೀನೇನು ಮಾಡಿದ್ದೀಯ?"

ಅವನು ಅಂಗಿ ಕಿತ್ತು ತೆಗೆದು ಸ್ಟೂಲಿನ ಮೇಲೆ ಕುಳಿತ. ನಗು ಹೋಗಿತ್ತು.

"ಏನೂ ಮಾಡಿಲ್ಲ ಅತ್ತಿಗೆ. ನಾನು ಹುಡುಕಿಕೊಂಡು ಹೋದವನೂ ಅಲ್ಲ. ಯೇಸು ಸ್ವಾಮಿ ಪಾಪಿಗಳಿಗೋಸ್ಕರ ಸತ್ತ ಅಂತ ಓದ್ದೆ. ನನ್ನನ್ನೇ ಹಿಡಿದು ಹೇಳಿದ ಹಾಗಾಯ್ತು. ಅಣ್ಣ ನನಗಿಂತ ನೂರು ಪಾಲು ಒಳ್ಳೆಯವನು. ನನ್ನನ್ನ ಯಾಕೆ ಕರೆದ ಅಂತ ನಾನೂ ಕೇಳ್ತಾನೇ ಇದ್ದೀನಿ." ಅಂಗಿಯನ್ನು ಅವಳ ಕೈಗಿಟ್ಟು, "ನಿಮ್ಮನ್ನ ಯಾಕೆ ಕರೆದ, ಗೊತ್ತಾ?" ಅಂದ.

ಚುಚ್ಚಲು ಕೇಳಿದ್ದಲ್ಲ, ನಿಜಕ್ಕೂ ತಿಳಿಯಲು ಕೇಳಿದ್ದು. ಟೈಲರಕ್ಕ ಉತ್ತರ ಹುಡುಕಿದಳು. ಉಪವಾಸ, ಪ್ರಾರ್ಥನೆ, ಚರ್ಚಿನ ಪೀಠಕ್ಕೆ ಹೊಲಿದ ಬಟ್ಟೆ, ಎಲ್ಲವೂ ನಂಬಿದ ಮೇಲಿನವು. ಅದಕ್ಕೆ ಮುಂಚೆ ಅವಳ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ನನ್ನನ್ನು ಆರಿಸಿಕೊಂಡವನು ಕ್ರಿಸ್ತನು, ಅವನು ಕೊಟ್ಟದ್ದನ್ನು ನಾನೇ ದುಡಿದದ್ದೆಂದು ಇಷ್ಟು ದಿನ ತಿಳಿದಿದ್ದೆನಲ್ಲ ಎಂದು ನಾಚಿಕೆಯಾಯಿತು.

"ಗೊತ್ತಿಲ್ಲಪ್ಪ," ಎಂದು ಹೊಲಿಗೆ ಬಿಚ್ಚಲು ಕುಳಿತಳು.

ಭಾನುವಾರ ತಮ್ಮನಿಗೋಸ್ಕರ ಗಡಿಯಾರದವನು ಒಳಗೆ ಬಂದ, ಕೊನೆಯ ಬೆಂಚಿನಲ್ಲಿ ಕುಳಿತ, ನೀರಿನಿಂದೆದ್ದವನಿಗೆ ಟವೆಲ್ ಕೊಟ್ಟ. ಮುಂದಿನ ವಾರ ಮತ್ತೆ ಹೊರಗೇ ನಿಂತ. ಇವತ್ತಿಗೂ ಅಷ್ಟೇ.

ಈಗ ಪ್ರತಿ ಗುರುವಾರ ಸಂಜೆ ಅತ್ತಿಗೆ ಮೈದುನ ಕೂಡಿ ಅವನಿಗಾಗಿ ಪ್ರಾರ್ಥಿಸುತ್ತಾರೆ. ಮೈದುನನ ಮಾತು ತನ್ನದಕ್ಕಿಂತ ಸರಾಗವಾಗಿ ಹರಿಯುವಾಗ ಟೈಲರಕ್ಕನಿಗೆ ಒಳಗೆ ಚುರುಕ್ ಎನ್ನುತ್ತದೆ. ಆಗೆಲ್ಲ ಅವಳು ಇನ್ನಷ್ಟು ಜೋರಾಗಿ ಆಮೆನ್ ಅನ್ನುತ್ತಾಳೆ.