ಅಜ್ಜಿಯ ಹಿಂದೆ ನಡೆಯುವ ಕ್ಯಾಪ್ಟನ್

ಇನ್ನೂ ಬೆಳಕು ಹರಿದಿಲ್ಲ. ಡೇರೆಯ ಹೊರಗೆ ಮರದ ಪೆಟ್ಟಿಗೆಯ ಮೇಲೆ ಕುಳಿತ ಕ್ಯಾಪ್ಟನ್ ತಮ್ಮ ಸೈನಿಕರ ನೀರಿನ ಬಾಟಲಿಗಳನ್ನು ಒಂದೊಂದಾಗಿ ತುಂಬಿಸುತ್ತಿದ್ದಾರೆ. ಮುಚ್ಚಳ ಬಿಗಿದು, ತಲೆಕೆಳಗು ಮಾಡಿ, ಸೋರುತ್ತದೆಯೇ ಎಂದು ಅಂಗೈ ಒಡ್ಡಿ ನೋಡುತ್ತಾರೆ. ರಾತ್ರಿ ಕಾವಲು ಮುಗಿಸಿದವರು ಪಕ್ಕದಲ್ಲೇ ಮಲಗಿದ್ದಾರೆ. ಹಾಗಾಗಿ ಬಾಟಲಿಗಳನ್ನು ಸದ್ದಾಗದಂತೆ ಕೆಳಗಿಡುತ್ತಾರೆ.

ಇಪ್ಪತ್ತಾರರ ಈ ತರುಣಿ ಶಾಂತಿಪಾಲನಾ ಪಡೆಯೊಂದಿಗೆ ಕಡಲಾಚೆ ಬಂದವರು. ಯುದ್ಧದಲ್ಲಿ ಮನೆಮಠ ಕಳೆದುಕೊಂಡವರ ಶಿಬಿರ ಕಾಯುವುದು ಕೆಲಸ. ಶಿಬಿರದಲ್ಲಿ ಹಿಟ್ಟು ಕೊಡುತ್ತಾರೆ, ಸೌದೆ ಕೊಡುವುದಿಲ್ಲ. ಹೆಂಗಸರು ಮುಳ್ಳುತಂತಿ ದಾಟಿ ಕುರುಚಲು ಕಾಡಿಗೆ ಹೋಗಬೇಕು. ಅಲ್ಲಿ ಬಂದೂಕಿನವರು ಹೊಂಚು ಹಾಕಿರುತ್ತಾರೆ. ಒಂಟಿಯಾಗಿ ಹೋದ ಕೆಲವರು ಮರಳಲಿಲ್ಲ. ಕ್ಯಾಪ್ಟನ್ ಕಾವಲಿಗೆ ಹೋಗತೊಡಗಿದ ಮೇಲೆ ಹೋದವರೆಲ್ಲ ಮರಳಿದ್ದಾರೆ. ಆದರೆ ನಿನ್ನೆ ಮೇಲಿನಿಂದ ಆದೇಶ ಬಂದಿದೆ: ಆಳು ಸಾಲದು, ನಡೆದು ಹೋಗುವ ಕಾವಲು ಇವತ್ತಿಗೆ ಕೊನೆ, ನಾಳೆಯಿಂದ ಜೀಪಿನ ಗಸ್ತು ಮಾತ್ರ. ಜೀಪು ರಸ್ತೆ ಬಿಟ್ಟು ಇಳಿಯದು.

ಕಾವಲಿಗೆ ಹೋದ ಮೊದಲ ದಿನ ದೊಡ್ಡ ಎಡವಟ್ಟಾಗಿತ್ತು. ತರಬೇತಿಯಲ್ಲಿ ಕಲಿತಂತೆ ಸೈನಿಕರನ್ನು ಹಿಂದೆ ಮುಂದೆ ನಿಲ್ಲಿಸಿ ಹೆಂಗಸರನ್ನು ನಡುವೆ ನಡೆಸಿದರು. ಗೇಟು ದಾಟಿದ್ದೇ ತಡ, ಅವರೆಲ್ಲ ನೆಲಕ್ಕೆ ಕುಸಿದು ಕುಳಿತರು. ಊರು ಸುಟ್ಟ ದಿನ ಅವರನ್ನು ಹೀಗೆಯೇ ಬಂದೂಕುಗಳ ನಡುವೆ ಸಾಲಾಗಿ ನಡೆಸಿದ್ದರಂತೆ.

“ಕಾಯೋಕೆ ಅಂತ ಬಂದು ನಾನೇ ಹೆದರಿಸಿಬಿಟ್ಟಿದ್ದೆ. ಮುಖ ಎಲ್ಲಿಡೋದು ಗೊತ್ತಾಗಲಿಲ್ಲ,” ಎನ್ನುತ್ತಾರೆ ಕ್ಯಾಪ್ಟನ್.

ಈಗ ಎಲ್ಲರಿಗಿಂತ ಮುಂದೆ ಒಬ್ಬ ಮುದುಕಿ ನಡೆಯುತ್ತಾಳೆ. ಸೈನಿಕರು ಅವಳಿಗಿಟ್ಟ ಹೆಸರು ಸೌದೆಯಜ್ಜಿ. ಅವಳ ಬೆನ್ನಿಗೇ ಕ್ಯಾಪ್ಟನ್, ಆಮೇಲೆ ಹೆಂಗಸರು. ಸೈನಿಕರು ಎರಡೂ ಬದಿಗೆ, ದೂರದ ಪೊದೆಗಳಂಚಿನಲ್ಲಿ. ಅಜ್ಜಿ ದಣಿವಾರಿಸಿಕೊಳ್ಳಲು ನಿಂತರೆ ಇಡೀ ದಂಡು ನಿಲ್ಲುತ್ತದೆ.

“ನನ್ನ ಹಿಮ್ಮಡಿ ತುಳೀಬೇಡ ಅನ್ನು ಈ ಹುಡುಗಿಗೆ,” ಎಂದು ಅಜ್ಜಿ ಜೊತೆಗಿರುವ ದುಭಾಷಿಗೆ ಗದರುತ್ತಾಳೆ. “ಒಲೆ ಮೇಲೆ ಹಾಲಿಟ್ಟು ಬಂದಿದ್ದಾಳಾ?”

ನಲವತ್ತು ದಾಟಿದ ಹವಾಲ್ದಾರರೊಬ್ಬರು ನಗುತ್ತಾರೆ. “ಮೇಡಂ, ಇಷ್ಟು ವರ್ಷ ಸರ್ವಿಸ್ ಮಾಡಿದೀನಿ, ಯಾವ ಸಾಹೇಬ್ರಿಗೂ ಇಷ್ಟು ಹೆದರಿಲ್ಲ.”

“ಮೆಲ್ಲಗೆ ಹೇಳಿ. ಅಜ್ಜಿ ಕೇಳಿಸ್ಕೊಂಡ್ರೆ ನಿಮ್ಮ ತಲೆ ಮೇಲೂ ಒಂದು ಹೊರೆ ಹೊರಿಸ್ತಾರೆ.”

ಮನೆಯಲ್ಲಿ ಅಮ್ಮನಿಗೆ ಈ ಕೆಲಸ ಅರ್ಥವಾಗಲು ಸಮಯ ಹಿಡಿಯಿತು. “ಕುಡಿದ ಲೋಟ ಎತ್ತಿಡ್ತಿರಲಿಲ್ಲ ನೀನು. ಅಷ್ಟು ದೂರ ಹೋಗಿ ಯಾರದೋ ಸೌದೆ ಕಾಯ್ತೀಯಾ?” ಎಂದು ಫೋನಿನಲ್ಲಿ ಛೇಡಿಸಿದ್ದರು. ಈಗ ಫೋನೆತ್ತಿದ ಕೂಡಲೇ ಅವರು ಕೇಳುವ ಮೊದಲ ಮಾತು, “ಎಲ್ಲರೂ ವಾಪಸ್ ಬಂದ್ರಾ?”

ಇವತ್ತೂ ಎಲ್ಲರೂ ಬಂದಿದ್ದಾರೆ. ಗೇಟಿನೊಳಗೆ ಹೊರೆಗಳು ಇಳಿದಿವೆ. ದುಭಾಷಿ ಜೀಪಿನ ವಿಷಯ ತಿಳಿಸುತ್ತಾನೆ. ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಾರೆ.

“ಸೌದೆ ರಸ್ತೆ ಮೇಲೆ ಬೆಳೆಯುತ್ತಾ?” ಅಜ್ಜಿ ಕೇಳುತ್ತಾಳೆ. “ಕರ್ಕೊಂಡು ಹೋಗೋರಿಲ್ಲ ಅಂದ್ರೆ ನಾವೇ ಹೋಗ್ತೀವಿ. ಮಕ್ಕಳಿಗೆ ಹಸಿ ಹಿಟ್ಟು ತಿನ್ಸೋಕಾಗುತ್ತಾ?”

ಕ್ಯಾಪ್ಟನ್ ಹವಾಲ್ದಾರರತ್ತ ತಿರುಗುತ್ತಾರೆ. ಅವರು ಒಪ್ಪಿಗೆಯಿಂದ ತಲೆಯಾಡಿಸುತ್ತಾರೆ. ಕ್ಯಾಪ್ಟನ್ ವೈರ್‌ಲೆಸ್ ಕೈಗೆತ್ತಿಕೊಂಡು ಗುಂಡಿ ಒತ್ತುತ್ತಾರೆ.

“ಸರ್, ನಮ್ಮ ವಿಶ್ರಾಂತಿ ಹೊತ್ತಲ್ಲೇ ಹೋಗಿ ಬರ್ತೀವಿ. ಹುಡುಗರೆಲ್ಲ ಒಪ್ಪಿದ್ದಾರೆ. ನಾಳೆನೂ ಇವರ ಜೊತೆ ನಡೆದು ಹೋಗೋಕೆ ಅಪ್ಪಣೆ ಕೊಡಿ.”

ಗುಂಡಿಯಿಂದ ಬೆರಳು ತೆಗೆಯುತ್ತಾರೆ. ವೈರ್‌ಲೆಸ್ ಬರೀ ಗೊರಗುಟ್ಟುತ್ತದೆ. ಉತ್ತರಕ್ಕೆ ಕಾಯುತ್ತ ನಿಂತ ಹೆಂಗಸರಲ್ಲಿ ಒಬ್ಬರೂ ಹೊರೆ ಎತ್ತಿಲ್ಲ.